ಭೌತವಿಜ್ಞಾನ ಓದಿದವರು ಕ್ಯಾನ್ಸರ್ ಸಂಶೋಧನೆಗೆ ಬರುವ ಬಗೆ: ಗ್ರೇ ನಡೆದ ದಾರಿ ಮತ್ತು ಮೊದಲ ಪ್ರಯೋಗ

ಎಂ.ಎಸ್ಸಿ. ಭೌತವಿಜ್ಞಾನ ಮುಗಿಸಿದವರಿಗೆ ಕ್ಯಾನ್ಸರ್ ಕ್ಷೇತ್ರದಲ್ಲಿ ಎರಡು ಬಾಗಿಲುಗಳಿವೆ. ಒಂದು ಆಸ್ಪತ್ರೆಯದು. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ 1962ರಿಂದ ನಡೆಸುತ್ತಿರುವ ವಿಕಿರಣ ಭೌತವಿಜ್ಞಾನದ ಡಿಪ್ಲೊಮಾ ಅಥವಾ ಅದಕ್ಕೆ ಸಮನಾದ ಕೋರ್ಸು, ಆಮೇಲೆ ರೇಡಿಯೋಥೆರಪಿ ವಿಭಾಗದಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್. ಇಷ್ಟಾದರೆ ಮೆಡಿಕಲ್ ಫಿಸಿಸಿಸ್ಟ್ ಆಗಿ ಗೆಡ್ಡೆಗೆ ವಿಕಿರಣ ಕೊಡುವ ಲಿನಾಕ್ ಯಂತ್ರದ ಡೋಸ್ ಅಳೆಯುವುದು, ಚಿಕಿತ್ಸೆಯ ಪ್ಲಾನ್ ಮಾಡುವುದು ನಿಮ್ಮ ಕೆಲಸ. ಈ ಬಾಗಿಲು ಬಹಳ ಜನರಿಗೆ ಗೊತ್ತು. ಎರಡನೆಯದು ಪ್ರಯೋಗಾಲಯದ್ದು: ವಿಕಿರಣ ಬಿದ್ದ ಮೇಲೆ ಜೀವಕೋಶಕ್ಕೆ ಏನಾಗುತ್ತದೆ ಎಂದು ಹುಡುಕುವುದು. ಇದಕ್ಕೆ ಸಿದ್ಧ ಕೋರ್ಸು ಅಪರೂಪ, ಹಾಗಾಗಿ ಅದರ ಬಗ್ಗೆಯೇ ಇಲ್ಲಿ ವಿವರವಾಗಿ ಹೇಳುತ್ತೇವೆ.

ಮೊದಲು ಒಬ್ಬರ ವೃತ್ತಿಜೀವನವನ್ನು ಗಮನವಿಟ್ಟು ನೋಡಿ. ಲೂಯಿ ಹೆರಾಲ್ಡ್ ಗ್ರೇ 1905ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ, ರುದರ್‌ಫೋರ್ಡ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ, ಗಾಮಾ ಕಿರಣಗಳ ಮೇಲೆ ಕೆಲಸ ಮಾಡಿದರು. ಒಂದು ವಸ್ತುವಿನೊಳಗೆ ಪುಟ್ಟ ಗಾಳಿಗುಳಿ ಇಟ್ಟು, ಅದರಲ್ಲಿ ಹುಟ್ಟುವ ಅಯಾನುಗಳನ್ನು ಎಣಿಸಿ, ಸುತ್ತಲಿನ ವಸ್ತು ಹೀರಿದ ಶಕ್ತಿಯನ್ನು ಲೆಕ್ಕಹಾಕುವ ಬ್ರ್ಯಾಗ್-ಗ್ರೇ ತತ್ವ ಅವರ ಹೆಸರಿನಲ್ಲಿದೆ. ಇಂದಿಗೂ ಆಸ್ಪತ್ರೆಯಲ್ಲಿ ಡೋಸ್ ಅಳೆಯುವ ಉಪಕರಣವಾದ ಅಯಾನೀಕರಣ ಕೋಶ ಕೆಲಸ ಮಾಡುವುದು ಇದನ್ನೇ ನೆಚ್ಚಿಕೊಂಡು. 1933ರಲ್ಲಿ ಅವರು ಮೌಂಟ್ ವರ್ನನ್ ಆಸ್ಪತ್ರೆಗೆ ಭೌತವಿಜ್ಞಾನಿಯಾಗಿ ಸೇರಿದರು.

ಮುಂದೆ ಅವರು ಮಾಡಿದ್ದರಲ್ಲಿ ಇಂದಿನವರು ಕಲಿಯಬೇಕಾದದ್ದು ಇದೆ. ಗೊತ್ತಿಲ್ಲದ ಜೀವವಿಜ್ಞಾನವನ್ನೆಲ್ಲ ಕಲಿತು ಮುಗಿಸಲಿ ಎಂದು ಅವರು ಕಾಯಲಿಲ್ಲ. ತಮಗೆ ಬರುತ್ತಿದ್ದ ಅಳತೆಯನ್ನು ಕೈಯಲ್ಲಿ ಹಿಡಿದು, ಅಗ್ಗದ, ಎಣಿಸಬಹುದಾದ ಒಂದು ಜೀವವನ್ನು ಆರಿಸಿಕೊಂಡರು: ಫಾವಾ ಬೀನ್ಸ್‌ನ ಮೊಳಕೆ ಬೇರು. ಬೇರು ಎಷ್ಟು ಉದ್ದ ಬೆಳೆಯಿತು ಎಂಬುದನ್ನು ಸ್ಕೇಲ್ ಹಿಡಿದೇ ಅಳೆಯಬಹುದು. ಸಹೋದ್ಯೋಗಿ ಜಾನ್ ರೀಡ್ ಜೊತೆ ನ್ಯೂಟ್ರಾನ್ ಉತ್ಪಾದಕವನ್ನೂ ಕಟ್ಟಿದರು. 1953ರಲ್ಲಿ ಸಹೋದ್ಯೋಗಿಗಳೊಂದಿಗೆ ಬರೆದ ಪ್ರಬಂಧದಲ್ಲಿ, ವಿಕಿರಣ ಬೀಳುವ ಗಳಿಗೆಯಲ್ಲಿ ಅಂಗಾಂಶದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದೇ ಚಿಕಿತ್ಸೆಯ ಫಲವನ್ನು ಬದಲಿಸುತ್ತದೆ ಎಂದು ತೋರಿಸಿದರು. 1955ರಲ್ಲಿ ಥಾಮ್ಲಿನ್‌ಸನ್ ಮತ್ತು ಗ್ರೇ ಶ್ವಾಸಕೋಶದ ಗೆಡ್ಡೆಯ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, ಆಮ್ಲಜನಕ ಹರಡುವಿಕೆಯ ಸಮೀಕರಣದ ಪಕ್ಕದಲ್ಲಿಟ್ಟರು. ರಕ್ತನಾಳವಿರುವ ಅಂಗಾಂಶದಿಂದ ಸುಮಾರು 150ರಿಂದ 180 ಮೈಕ್ರೋಮೀಟರ್ ಆಚೆ ಜೀವಕೋಶಗಳು ಸತ್ತಿರುತ್ತವೆ. ಲೆಕ್ಕವೂ ಕಣ್ಣಿಗೆ ಕಂಡದ್ದೂ ಹೊಂದಿಕೊಂಡವು. ಭೌತವಿಜ್ಞಾನಿಯೊಬ್ಬರು ಕ್ಯಾನ್ಸರ್ ವಿಭಾಗಕ್ಕೆ ಕೊಡಬಹುದಾದ ಕೊಡುಗೆಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಗ್ರೇ 1965ರಲ್ಲಿ ತೀರಿಕೊಂಡರು. 1975ರಲ್ಲಿ ಹೀರಿದ ಡೋಸ್‌ನ ಮಾನಕ್ಕೆ ಅವರ ಹೆಸರನ್ನಿಟ್ಟರು: ಕಿಲೋಗ್ರಾಂಗೆ ಒಂದು ಜೂಲ್ ಎಂದರೆ 1 ಗ್ರೇ.

ಈ ಮಾನವನ್ನು ಒಮ್ಮೆ ಲೆಕ್ಕಹಾಕಿ ನೋಡಿ. ಇಡೀ ದೇಹಕ್ಕೆ ಒಮ್ಮೆಲೇ 4 ಗ್ರೇ ಬಿದ್ದು ಚಿಕಿತ್ಸೆ ಸಿಗದಿದ್ದರೆ ಸಾವು ಬರಬಹುದು. ಅಷ್ಟು ಶಕ್ತಿ ನೀರಿನ ತಾಪವನ್ನು ಏರಿಸುವುದು ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಪಾಲು ಮಾತ್ರ. ಹಾನಿ ಆಗುವುದು ಬಿಸಿಯಿಂದಲ್ಲ, ಡಿಎನ್‌ಎಯ ಎರಡೂ ಎಳೆ ಕಡಿಯುವುದರಿಂದ. 1 ಗ್ರೇಗೆ ಒಂದು ಕೋಶದಲ್ಲಿ ಇಂಥ ಕಡಿತ ಸುಮಾರು 20ರಿಂದ 40.

ಕಲಿಯಬೇಕಾದ ಮೊದಲ ಪ್ರಯೋಗ

ಅದು ಕಾಲೊನಿ ಎಣಿಕೆ, ಅಂದರೆ ಒಂದೊಂದು ಕೋಶದಿಂದ ಬೆಳೆದ ಗುಂಪುಗಳನ್ನು ಎಣಿಸುವುದು. ಭೌತರಸಾಯನ ವಿಜ್ಞಾನದಿಂದ ಬಂದ ಥಿಯೋಡೋರ್ ಪಕ್, ಫಿಲಿಪ್ ಮಾರ್ಕಸ್ ಜೊತೆ 1956ರಲ್ಲಿ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳ ಮೇಲೆ ಮಾಡಿ ಪ್ರಕಟಿಸಿದ ವಿಧಾನವೇ ಇದರ ಬುಡ. ಪ್ರಶ್ನೆ ಒಂದೇ: ಡೋಸ್ ಕೊಟ್ಟ ಮೇಲೆ ಎಷ್ಟು ಕೋಶಗಳಿಗೆ ಇನ್ನೂ ಸಂತಾನ ಬೆಳೆಸುವ ಶಕ್ತಿ ಉಳಿದಿದೆ?

ಕೋಶಗಳನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಂಥ ಅಧಿಕೃತ ಸಂಗ್ರಹದಿಂದ ತರಿಸಿ, ಪಕ್ಕದ ಲ್ಯಾಬಿನಿಂದ ಎರವಲು ಬೇಡ. ಬೇರೆ ಕೋಶ ಬೆರೆತಿರುವುದು, ಮೈಕೋಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾದ ಸೋಂಕು ತಗುಲಿರುವುದು ಸಾಮಾನ್ಯ, ಎರಡೂ ಬರಿಗಣ್ಣಿಗೆ ಕಾಣುವುದಿಲ್ಲ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ತಳಕ್ಕೆ ಅಂಟಿದ ಕೋಶಗಳನ್ನು 0.25 ಶೇಕಡಾ ಟ್ರಿಪ್ಸಿನ್ (ಅಂಟು ಬಿಡಿಸುವ ಕಿಣ್ವ) ಹಾಕಿ 37 ಡಿಗ್ರಿಯಲ್ಲಿ 3ರಿಂದ 5 ನಿಮಿಷ ಇಟ್ಟು ಬಿಡಿಸಿ. ಪಿಪೆಟ್ಟಿನಿಂದ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ಬಿಡಿಬಿಡಿಯಾಗಿಸಿ. ಪ್ರಯೋಗ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಮೂರು ಕೋಶ ಒಟ್ಟಿಗೆ ಅಂಟಿದ್ದರೆ ಒಂದು ಸತ್ತರೂ ಉಳಿದವು ಕಾಲೊನಿ ಕಟ್ಟುತ್ತವೆ, ಡೋಸ್‌ನ ಪರಿಣಾಮ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ಗುಂಪುಗಳು ಕಂಡರೆ ಮುಂದೆ ಹೋಗಬೇಡಿ.

ಎಣಿಕೆ ಹೀಮೋಸೈಟೋಮೀಟರಿನಲ್ಲಿ, ಅಂದರೆ ಚೌಕಗಳ ಗೆರೆ ಇರುವ ಗಾಜಿನ ಪಟ್ಟಿಯಲ್ಲಿ. ದೊಡ್ಡ ಚೌಕಕ್ಕೆ ಸರಾಸರಿ 50 ಕೋಶಗಳಿದ್ದರೆ ಮಿಲಿಲೀಟರಿಗೆ 50 ಗುಣಿಸು 10,000, ಅಂದರೆ 5 ಲಕ್ಷ. ಕನಿಷ್ಠ 200 ಕೋಶ ಎಣಿಸಿ. ನಂತರ ಹತ್ತು ಪಟ್ಟಿನಂತೆ ಹಂತಹಂತವಾಗಿ ತೆಳುಗೊಳಿಸಿ, ಪ್ರತಿ ಹಂತದಲ್ಲೂ ಕೊಳವೆಯನ್ನು ಚೆನ್ನಾಗಿ ಕದಡಿ. ಕೋಶಗಳು ಕೆಲವೇ ನಿಮಿಷಗಳಲ್ಲಿ ತಳಕ್ಕೆ ಇಳಿಯಲು ತೊಡಗುತ್ತವೆ.

60 ಮಿ.ಮೀ. ತಟ್ಟೆಗೆ ಹಾಕಬೇಕಾದ ಕೋಶಗಳ ಸಂಖ್ಯೆಯನ್ನು ಡೋಸ್ ಏರಿದಂತೆ ಏರಿಸಬೇಕು. ಶುರುವಿಗೆ ಈ ಅಂದಾಜು ಸಾಕು: ಡೋಸ್ ಇಲ್ಲದ್ದಕ್ಕೆ 200, 2 ಗ್ರೇಗೆ 400, 4 ಗ್ರೇಗೆ 1,000, 6 ಗ್ರೇಗೆ 4,000, 8 ಗ್ರೇಗೆ 10,000. ಪ್ರತಿ ತಟ್ಟೆಯಲ್ಲೂ ನೂರರ ಆಸುಪಾಸು ಕಾಲೊನಿ ಬರಲಿ ಎಂಬುದು ಗುರಿ. ಹಾಕಿದ 4ರಿಂದ 6 ಗಂಟೆಯೊಳಗೆ, ಕೋಶಗಳು ಅಂಟಿದ ಮೇಲೆ, ವಿಕಿರಣ ಕೊಡಿ. ರಾತ್ರಿಯಿಡೀ ಬಿಟ್ಟರೆ ಒಂದು ಕೋಶ ಎರಡಾಗಿರುತ್ತದೆ, ಲೆಕ್ಕ ತಪ್ಪುತ್ತದೆ.

ಡೋಸ್ ಕೊಡುವ ಹಂತದಲ್ಲಿ ನಿಮ್ಮ ಓದು ನೇರವಾಗಿ ಕೆಲಸಕ್ಕೆ ಬರುತ್ತದೆ. 4 ಮಿ.ಲೀ. ದ್ರವದ ಆಳ ಸುಮಾರು 2 ಮಿ.ಮೀ. ಮಾತ್ರ, ಮೇಲೆ ಗಾಳಿ. ಲಿನಾಕ್‌ನ 6 ಎಂ.ವಿ. (ಮೆಗಾವೋಲ್ಟ್) ಕಿರಣ ಪೂರ್ಣ ಡೋಸ್‌ಗೆ ಏರಲು ಸುಮಾರು 1.5 ಸೆಂ.ಮೀ. ನೀರಿನಷ್ಟು ದಪ್ಪ ಬೇಕು, ಕೋಬಾಲ್ಟ್-60ಕ್ಕೆ ಅರ್ಧ ಸೆಂ.ಮೀ. ತಟ್ಟೆಯನ್ನು ಬರಿದೇ ಮೇಜಿನ ಮೇಲಿಟ್ಟು ಮೇಲಿನಿಂದ ಕಿರಣ ಬಿಟ್ಟರೆ ಕೋಶಗಳಿಗೆ ನೀವು ಬರೆದುಕೊಂಡ ಡೋಸ್ ತಲುಪುವುದೇ ಇಲ್ಲ. ಯಂತ್ರದ ತಿರುಗುವ ತೋಳಾದ ಗ್ಯಾಂಟ್ರಿಯನ್ನು 180 ಡಿಗ್ರಿಗೆ ತಿರುಗಿಸಿ ಕೆಳಗಿನಿಂದ ಕೊಡಿ. ತಟ್ಟೆಯಡಿ 5 ಸೆಂ.ಮೀ. ನೀರಿಗೆ ಸಮನಾದ ಹಲಗೆ, ಮೇಲೆಯೂ ಅಷ್ಟೇ ದಪ್ಪದ್ದು ಇರಲಿ. ರೋಗಿ ಮಲಗುವ ಮಂಚ ಹೀರುವ ಪಾಲನ್ನು ಲೆಕ್ಕಕ್ಕೆ ಸೇರಿಸಿ, ತಟ್ಟೆಯ ಜಾಗದಲ್ಲಿ ಡೋಸ್ ದಾಖಲಿಸುವ ಫಿಲ್ಮ್ ಇಟ್ಟು ಒಮ್ಮೆ ಪರೀಕ್ಷಿಸಿ. ಡೋಸ್ ಇಲ್ಲದ ತಟ್ಟೆಗಳೂ ಉಳಿದವುಗಳ ಜೊತೆಗೇ ಲಿನಾಕ್ ಕೋಣೆಯವರೆಗೆ ಹೋಗಿ ಬರಬೇಕು. ದಾರಿಯ ತಂಪು, ಕುಲುಕಾಟ ಎಲ್ಲಕ್ಕೂ ಸಮನಾಗಿ ತಾಗಲಿ. ರೋಗಿಗಳ ಸರದಿ ಮುಗಿದ ಮೇಲಷ್ಟೇ ಯಂತ್ರ ಸಿಗುತ್ತದೆ, ಆದ್ದರಿಂದ ಕೋಶ ಹಾಕುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿ, 5 ಶೇಕಡಾ ಇಂಗಾಲದ ಡೈಆಕ್ಸೈಡ್, 10ರಿಂದ 14 ದಿನ. ದಿನಾ ತೆಗೆದು ನೋಡಬೇಡಿ: ಅಲುಗಾಡಿದರೆ ಕಳಚಿದ ಕೋಶಗಳು ಬೇರೆಡೆ ಕೂತು ಮರಿ ಕಾಲೊನಿ ಕಟ್ಟುತ್ತವೆ. ನೀರಿನ ತಟ್ಟೆ ಬತ್ತದಂತೆ ನೋಡಿಕೊಂಡರೆ ಸಾಕು. ಕೊನೆಗೆ 6 ಶೇಕಡಾ ಗ್ಲುಟರಾಲ್ಡಿಹೈಡ್, 0.5 ಶೇಕಡಾ ಕ್ರಿಸ್ಟಲ್ ವಯಲೆಟ್ ಬೆರೆಸಿದ ದ್ರಾವಣವನ್ನು ಅರ್ಧ ಗಂಟೆ ಇಟ್ಟು ತೊಳೆಯಿರಿ. ಗ್ಲುಟರಾಲ್ಡಿಹೈಡ್ ಕಣ್ಣು, ಶ್ವಾಸಕ್ಕೆ ಕೆಡುಕು, ಹೊಗೆ ಹೀರುವ ಕಪಾಟಿನಲ್ಲೇ ಬಳಸಿ. 50 ಅಥವಾ ಅದಕ್ಕಿಂತ ಹೆಚ್ಚು ಕೋಶಗಳಿರುವುದನ್ನು ಮಾತ್ರ ಕಾಲೊನಿ ಎನ್ನಿ. ವಿಕಿರಣ ತಿಂದ ಕೋಶ ನಾಲ್ಕೈದು ಸಲ ಒಡೆದು ಆಮೇಲೆ ಸಾಯುವುದುಂಟು, ಅದಕ್ಕೇ ಈ ಗಡಿ.

ಲೆಕ್ಕ ಹೀಗೆ. ಡೋಸ್ ಇಲ್ಲದ 200 ಕೋಶಗಳಿಂದ 100 ಕಾಲೊನಿ ಬಂದರೆ ಕಾಲೊನಿ ಕಟ್ಟುವ ದರ 0.5. 4 ಗ್ರೇ ಪಡೆದ 1,000 ಕೋಶಗಳಿಂದ 93 ಬಂದರೆ, 93 ಅನ್ನು 500ರಿಂದ (1,000 ಗುಣಿಸು 0.5) ಭಾಗಿಸಿ: ಉಳಿದ ಪಾಲು 0.186. ಇದರ ಸ್ವಾಭಾವಿಕ ಲಾಗರಿದಮ್ ಅನ್ನು ಡೋಸ್‌ಗೆ ಎದುರಾಗಿ ಬಿಡಿಸಿ, ಆಲ್ಫಾ ಗುಣಿಸು ಡೋಸ್, ಕೂಡಿಸು ಬೀಟಾ ಗುಣಿಸು ಡೋಸ್‌ನ ವರ್ಗ, ಇದರ ಋಣಮೌಲ್ಯಕ್ಕೆ ಹೊಂದಿಸಿ; ಆಲ್ಫಾ, ಬೀಟಾ ಹೀಗೆ ಹೊಂದಿಸಿದಾಗ ಸಿಗುವ ಸ್ಥಿರಾಂಕಗಳು. ಆಲ್ಫಾ 0.3, ಬೀಟಾ 0.03 ಇದ್ದರೆ 4 ಗ್ರೇಯಲ್ಲಿ ಸರಿಯಾಗಿ ಈ 0.186 ಬರುತ್ತದೆ.

ಭೌತವಿಜ್ಞಾನಿಗಳು ಎಡವುವುದು ದೋಷದ ಲೆಕ್ಕದಲ್ಲಿ. ನೂರು ಕಾಲೊನಿಗೆ ಎಣಿಕೆಯ ದೋಷ 10 ಶೇಕಡಾ ಎಂದು ತಿಳಿದಿರುತ್ತದೆ, ಅಷ್ಟಕ್ಕೇ ನಿಲ್ಲುತ್ತಾರೆ. ಒಂದೇ ದಿನ ಹಾಕಿದ ಮೂರು ತಟ್ಟೆಗಳು ಒಂದೇ ಕೊಳವೆಯಿಂದ ಬಂದವು. ಮೊದಲ ಎಣಿಕೆ ತಪ್ಪಿದ್ದರೆ ಮೂರೂ ಒಂದೇ ದಿಕ್ಕಿಗೆ ತಪ್ಪುತ್ತವೆ. ಬೇರೆ ಬೇರೆ ದಿನ, ಹೊಸದಾಗಿ ಬೆಳೆಸಿದ ಕೋಶಗಳಿಂದ, ಕನಿಷ್ಠ ಮೂರು ಸಲ ಮಾಡಿದ್ದನ್ನು ಮಾತ್ರ ಮೂರು ಎಂದು ಬರೆಯಿರಿ.

ಈ ಗೆರೆ ಮೂರು ಸಲವೂ ಹೊಂದಿಕೊಂಡ ಮೇಲೆ ಗ್ರೇ ಕೇಳಿದ ಪ್ರಶ್ನೆಗೇ ಇಳಿಯಬಹುದು: ಆಮ್ಲಜನಕ ತೆಗೆದರೆ ಏನಾಗುತ್ತದೆ? ಗಾಳಿಯಾಡದ ಪೆಟ್ಟಿಗೆಗೆ 95 ಶೇಕಡಾ ಸಾರಜನಕ, 5 ಶೇಕಡಾ ಇಂಗಾಲದ ಡೈಆಕ್ಸೈಡ್ ಹರಿಸಿ, ಒಳಗೆ ಇಟ್ಟಂತೆಯೇ ವಿಕಿರಣ ಕೊಡಬೇಕು. ಪ್ಲಾಸ್ಟಿಕ್ ತಟ್ಟೆ ತನ್ನೊಳಗೆ ಆಮ್ಲಜನಕ ಹಿಡಿದಿಟ್ಟು ಗಂಟೆಗಟ್ಟಲೆ ಬಿಡುತ್ತಿರುತ್ತದೆ, ಗಾಜಿನದನ್ನೇ ಬಳಸಿ. ಅದೇ ಪ್ರಮಾಣದ ಕೋಶಗಳನ್ನು ಕೊಲ್ಲಲು ಆಮ್ಲಜನಕ ಇಲ್ಲದಾಗ ಬೇಕಾಗುವ ಡೋಸ್ 2.5ರಿಂದ 3 ಪಟ್ಟು ಇರಬೇಕು. 1.5 ಪಟ್ಟು ಬಂದರೆ ಪೆಟ್ಟಿಗೆ ಎಲ್ಲೋ ಸೋರುತ್ತಿದೆ, ಅಥವಾ ಅನಿಲ ಹರಿಸಿದ ಹೊತ್ತು ಸಾಲಲಿಲ್ಲ.