37 ಡಿಗ್ರಿ ಬಿಟ್ಟ ಮೇಲೆ ದಾಟಿದ ಪ್ಲಾಸ್ಮಿಡ್

"ಮೇಡಂ, ಔಷಧ ತಡೆಯೋ ಆ ಜೀನ್ ಕ್ರೋಮೋಸೋಮಲ್ಲೇ ಇರೋದು ಕಣ್ರೀ. ಸುಮ್ನೆ ಯಾಕೆ ಪ್ಲೇಟ್ ದಂಡ ಮಾಡ್ತೀರಿ?" ಎಂದು ಈ ವಿಷಯದಲ್ಲಿ ಪಳಗಿದ ಹಿರಿಯರೊಬ್ಬರು ಹೇಳಿ ಫೋನ್ ಇಟ್ಟರು. ಕೆಲಸ ಶುರುವಾಗಿ ಆಗಲೇ ಏಳು ತಿಂಗಳಾಗಿತ್ತು. ಆಸ್ಪತ್ರೆಯೊಂದರ ಹಿಂದಿನ ಚರಂಡಿಯಿಂದ ಹಿಡಿದು ತಂದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಅದು. ಸೆಫೊಟ್ಯಾಕ್ಸಿಮ್ ಎಂಬ ಆಂಟಿಬಯಾಟಿಕ್ ಅದಕ್ಕೆ ಬರೀ ನೀರು. ಆ ಗುಣ ಪ್ಲಾಸ್ಮಿಡ್, ಅಂದರೆ ಕ್ರೋಮೋಸೋಮಿನಿಂದ ಬೇರೆಯಾಗಿರುವ ಬಿಡಿ ಡಿಎನ್ಎ, ಏರಿ ಬೇರೆ ಬ್ಯಾಕ್ಟೀರಿಯಾಗೆ ದಾಟುತ್ತದೆ ಅನ್ನೋದು ನನ್ನ ವಾದ. ತೋರಿಸೋಕೆ ಮಾತ್ರ ಆಗುತ್ತಿರಲಿಲ್ಲ.

ಪ್ಲಾಸ್ಮಿಡ್ ಪಡೆಯಬೇಕಾದ ರೆಸಿಪಿಯಂಟ್ ಎಲ್ಲರೂ ಬಳಸುವ ಜೆ53, ಅಜೈಡ್ ಎಂಬ ವಿಷ ತಡೆಯುವ ಇ. ಕೋಲಿ. ಎರಡನ್ನೂ ಬ್ರಾತಿನಲ್ಲಿ (ದ್ರವ ಆಹಾರದಲ್ಲಿ) ಬೆರೆಸಿ, 37 ಡಿಗ್ರಿಯಲ್ಲಿಟ್ಟು, ಅಜೈಡ್ ಮತ್ತು ಸೆಫೊಟ್ಯಾಕ್ಸಿಮ್ ಹಾಕಿದ ಪ್ಲೇಟಿಗೆ ಹರಡೋದು. ಎರಡನ್ನೂ ತಡೆದು ಬೆಳೆಯಬೇಕಾದ್ದು ಪ್ಲಾಸ್ಮಿಡ್ ಪಡೆದ ಜೆ53 ಮಾತ್ರ. ನೀವೆಲ್ಲ ಮಾಡಿರೋದೇ. ನಮಗೆ ಹದಿನಾಲ್ಕೋ ಹದಿನೈದೋ ಸಲ ಸೊನ್ನೆ.

ನಡುವೆ ಒಂದು ಸಲ ಪ್ಲೇಟ್ ತುಂಬ ಕಾಲೊನಿ. ಖುಷಿಗೆ ಮೈಸೂರು ಪಾಕ್ ಹಂಚಿದ್ದೂ ಆಯಿತು. ಸಂಜೆ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರೆ, ಅಲ್ಲಲ್ಲಿ ಒಂದೊಂದು ದಪ್ಪ ಲೋಳೆ ಕಾಲೊನಿ, ಅದರ ಸುತ್ತ ಸಾಸಿವೆಗಿಂತ ಸಣ್ಣ ಹತ್ತಾರು ಮರಿಗಳು. ದಪ್ಪದ್ದು ಅಜೈಡ್‌ಗೂ ಒಗ್ಗಿಕೊಂಡ ಡೋನರ್, ಅಂದರೆ ಕೊಡುವ ಕ್ಲೆಬ್ಸಿಯೆಲ್ಲಾ. ಅದು ಬಿಟ್ಟ ಎಂಜೈಮ್ ಸುತ್ತಲಿನ ಸೆಫೊಟ್ಯಾಕ್ಸಿಮನ್ನೆಲ್ಲ ಮುಗಿಸಿತ್ತು. ಆ ಆಸರೆಯಲ್ಲಿ ಪ್ಲಾಸ್ಮಿಡ್ ಇಲ್ಲದ ಬರಿಗೈ ಜೆ53 ಬೆಳೆದಿತ್ತು, ಅಷ್ಟೇ. ಮರಿಗಳನ್ನು ಹೊಸ ಪ್ಲೇಟಿಗೆ ಎಳೆದರೆ ಒಂದೂ ಏಳಲಿಲ್ಲ. ಡೋನರ್ ಒಂದನ್ನೇ ಹಾಕಿದ ಕಂಟ್ರೋಲ್ ಪ್ಲೇಟ್ ಆ ದಿನ ಇಟ್ಟಿರಲಿಲ್ಲ. ಅಗರ್ ಉಳಿಸೋಕೆ ಹೋಗಿದ್ದೆ. ಅವತ್ತಿನಿಂದ 24 ಗಂಟೆ ದಾಟಿದ ಪ್ಲೇಟನ್ನು ನಾನು ಎಣಿಸೋದಿಲ್ಲ.

ದುಡ್ಡಿನ ಕಥೆ ಹೇಳಲೇಬೇಕು. ಕೈಯಲ್ಲಿದ್ದದ್ದು ಒಟ್ಟು ಇಪ್ಪತ್ತೈದು ಸಾವಿರ. ಶುದ್ಧ ಸೆಫೊಟ್ಯಾಕ್ಸಿಮ್ ಪೌಡರಿನ ಬೆಲೆ ನೋಡಿ ಕ್ಯಾಟಲಾಗ್ ಮುಚ್ಚಿಟ್ಟೆ. ಮೆಡಿಕಲ್ ಶಾಪಿನಿಂದ 1 ಗ್ರಾಂ ಇಂಜೆಕ್ಷನ್ ವಯಲ್ ತಂದೆ, ನಲವತ್ತು ರೂಪಾಯಿ ಆಸುಪಾಸು. ಸೋಡಿಯಂ ಸಾಲ್ಟ್, ನೀರಲ್ಲಿ ಸಲೀಸಾಗಿ ಕರಗುತ್ತದೆ. ಎಂಐಸಿ (ಬೆಳವಣಿಗೆ ತಡೆಯೋಕೆ ಬೇಕಾದ ಕನಿಷ್ಠ ಪ್ರಮಾಣ) ಬರೆಯೋಕೆ ಸಲ್ಲದು, ಬೇಕಾದ್ದನ್ನು ಮಾತ್ರ ಬೆಳೆಸುವ ಸೆಲೆಕ್ಷನ್‌ಗೆ ಧಾರಾಳ. ಆದರೆ ಪ್ಲೇಟ್ ಮಾಡಿ ಫ್ರಿಜ್ಜಿನಲ್ಲಿ ತಿಂಗಳು ಕೂರಿಸಿದರೆ ಔಷಧ ಸತ್ತಿರುತ್ತೆ. ಅದನ್ನು ಕಲಿಯೋಕೆ ಮೂರು ವಾರ ಹೋಯಿತು. ಮೆಂಬ್ರೇನ್ ಫಿಲ್ಟರ್‌ಗಳನ್ನು ನೀರು ಪರೀಕ್ಷೆ ಮಾಡುವ ಗೆಳತಿಯಿಂದ ಹತ್ತು ಸಾಲ ತಂದೆ, ಬ್ರಾತಿನ ಬದಲು ಅದರ ಮೇಲೆ ಎರಡನ್ನೂ ಒತ್ತಾಗಿ ಕೂರಿಸಿ ಬೆರೆಸೋಕೆ. ಇನ್ನೂ ವಾಪಸ್ ಕೊಟ್ಟಿಲ್ಲ.

ಫಿಲ್ಟರ್ ಮೇಲೂ 37ರಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆ ಬಂತು. ನಮಗಿರೋದು ಒಂದೇ ಇನ್‌ಕ್ಯುಬೇಟರ್. ಮೂರೂ ತಟ್ಟೆ ಮಕ್ಕಳ ಪ್ಲೇಟುಗಳಿಂದ ತುಂಬಿತ್ತು. ನಮ್ಮದನ್ನು ಬೀರುವಿನಲ್ಲಿಟ್ಟು ಮನೆಗೆ ಹೋದೆ. ಒಳಗೆ 26–27 ಡಿಗ್ರಿ ಇದ್ದೀತು. ಮಾರನೇ ದಿನ ಸೆಲೆಕ್ಷನ್‌ಗೆ ಹಾಕಿದೆವು. ಅದರ ಮರುದಿನ ಬೆಳಗ್ಗೆ ನಾನು ಚಪ್ಪಲಿ ಬಿಡುವ ಮೊದಲೇ ನನ್ನ ಜೊತೆ ಈ ಕೆಲಸ ಮಾಡುವ ಹುಡುಗಿ ಓಡಿ ಬಂದಳು. "ಮೇಡಂ, ನಲವತ್ತಕ್ಕಿಂತ ಜಾಸ್ತಿ ಇದೆ!" ಎಲ್ಲ ಒಂದೇ ಗಾತ್ರ. ಲೋಳೆ ಇಲ್ಲ. ಕಂಟ್ರೋಲ್ ಎರಡೂ ಖಾಲಿ.

ಆಗ ಹಣೆ ಚಚ್ಚಿಕೊಂಡೆ. ಇಂಕ್‌ಎಚ್‌ಐ ಎಂಬ ಗುಂಪಿನ ಪ್ಲಾಸ್ಮಿಡ್‌ಗಳು 22ರಿಂದ 30 ಡಿಗ್ರಿಯೊಳಗೆ ಚೆನ್ನಾಗಿ ದಾಟುತ್ತವೆ, 37ರಲ್ಲಿ ಮುದುಡಿ ಕೂರುತ್ತವೆ. 1972ರಲ್ಲಿ ಮೆಕ್ಸಿಕೊದ ಟೈಫಾಯ್ಡ್ ಕ್ಲೋರಾಂಫೆನಿಕಾಲ್ ಔಷಧಕ್ಕೆ ಬಗ್ಗದೆ ಹೋದದ್ದು ಇದೇ ಬಳಗದ ಪ್ಲಾಸ್ಮಿಡ್‌ನಿಂದ. ಪ್ರತಿ ವರ್ಷ ಇದನ್ನೇ ಪಾಠ ಮಾಡುವವಳು ನಾನು! ಅಲ್ಲ, ಚರಂಡಿ ನೀರು ಎಲ್ಲಾದರೂ 37 ಡಿಗ್ರಿ ಇರುತ್ತಾ?

ಪ್ಲಾಸ್ಮಿಡ್ ಗುಂಪು ಹೇಳುವ 18 ಜೋಡಿ ಪ್ರೈಮರ್ (ಪಿಸಿಆರ್ ಪರೀಕ್ಷೆಗೆ ಬೇಕಾದ ಸಣ್ಣ ಡಿಎನ್ಎ ತುಣುಕು) ಕೊಳ್ಳುವ ಶಕ್ತಿ ಇರಲಿಲ್ಲ. ಆ ಬಳಗದ ಎಚ್‌ಐ2 ಆದರೆ ಟೆಲ್ಯುರೈಟ್ ಎಂಬ ವಿಷ ತಡೆಯುವ ಜೀನ್‌ಗಳು ಸಾಮಾನ್ಯವಾಗಿ ಜೊತೆಗಿರುತ್ತವೆ. ಟೆಲ್ಯುರೈಟ್ ಪ್ಲೇಟಿಗೆ ಗೆರೆ ಎಳೆದೆವು. ಬರೀ ಜೆ53 ಏಳಲಿಲ್ಲ. ನಮ್ಮವು ಕಾಡಿಗೆ ತೀಡಿದ ಹಾಗೆ ಕಪ್ಪಗೆ ಬಂದವು. ಎಷ್ಟು ಹಾಕಿದಿರಿ ಅಂತ ಮಾತ್ರ ಕೇಳಬೇಡಿ, ಹುಡುಗಿಯ ಪೇಪರ್ ಬರಲಿ. ಬೆರೆಸುವ ಮೊದಲು ಡೋನರನ್ನು ಹೇಗೆ ತೊಳೆದೆವು ಅನ್ನೋದೂ ಅಷ್ಟೇ. ಮೆಥಿಯೊನಿನ್, ಪ್ರೋಲಿನ್ ಎಂಬ ಅಮೈನೊ ಆಮ್ಲಗಳಿಲ್ಲದ ಮಿನಿಮಲ್ ಅಗರಿನಲ್ಲಿ ಅವು ಬೆಳೆಯಲಿಲ್ಲ, ಅಂದರೆ ಡೋನರ್ ಅಲ್ಲ, ಆ ಎರಡನ್ನೂ ತಾನೇ ಮಾಡಿಕೊಳ್ಳಲಾರದ ಜೆ53ಯೇ. ಕೊನೆಗೆ ಎಚ್‌ಐ2ರ ಒಂದೇ ಜೋಡಿ ಪ್ರೈಮರ್ ತರಿಸಿದೆ, ಆರುನೂರು ರೂಪಾಯಿ ಚಿಲ್ಲರೆ. ಪಿಸಿಆರ್ ಮಾಡಿದರೆ ಬ್ಯಾಂಡ್ ಬಂತು, ಅಂದರೆ ಎಚ್‌ಐ2 ಇದೆ.

ದಾಟೋದು ಲಕ್ಷಕ್ಕೆ ಒಂದು, ಕೆಲವು ಸಲ ಹತ್ತು ಲಕ್ಷಕ್ಕೆ ಒಂದು. ಚಪಲಕ್ಕೆ ಆಟೋಕ್ಲೇವ್ ಮಾಡಿದ ಚರಂಡಿ ನೀರಲ್ಲೂ ಬೆರೆಸಿ ನೋಡಿದೆ. ಮೂರೇ ಕಾಲೊನಿ, ಆದರೂ ಕಪ್ಪೇ. ಔಷಧವೇ ಇಲ್ಲದ ಬ್ರಾತಿನಲ್ಲಿ ಇಪ್ಪತ್ತು ದಿನ ದಿನಾ ಬದಲಿಸುತ್ತಾ ಹೋದೆ, ಪ್ಲಾಸ್ಮಿಡ್ ಬಿಟ್ಟುಹೋಗಲಿ ಅಂತ. ನೂರು ಕಾಲೊನಿ ಆರಿಸಿ ನೋಡಿದರೆ ಎರಡೋ ಮೂರೋ ಕಳೆದುಕೊಂಡಿದ್ದವು.

ಹಿರಿಯರಿಗೆ ಕಪ್ಪು ಪ್ಲೇಟಿನ ಫೋಟೊ ಕಳಿಸಿದೆ. "ಎಷ್ಟು ಡಿಗ್ರಿಯಲ್ಲಿ ಇಟ್ರಿ?" ಅಂತ ಮೆಸೇಜ್ ಬಂತು. ಇನ್ನೂ ಉತ್ತರ ಕೊಟ್ಟಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ ಬಿಡಿ.