‘ಕೇಳಳು’ ಬಿಟ್ಟು ‘ಕೇಳಲ್ಲ’ಕ್ಕೆ ಬಂದ ಕಥೆ

ನಾನು ಡಿಗ್ರಿ ಕಾಲೇಜಲ್ಲಿ ಇಂಗ್ಲಿಷ್ ಮೇಷ್ಟ್ರು. ರೊಮ್ಯಾಂಟಿಕ್, ವಿಕ್ಟೋರಿಯನ್ ಪೊಯೆಟ್ರಿ ಪಾಠ ಮಾಡೋಕೆ ಶುರು ಮಾಡಿ ಹನ್ನೊಂದು ವರ್ಷ ಆಯ್ತು, ಅದ್ರಲ್ಲಿ ಒಂಬತ್ತು ವರ್ಷ ಮಾಡಿದ್ದು ಅಂದ್ರೆ ನೋಟ್ಸ್ ಬರೆಸಿದ್ದು ಅಷ್ಟೇ, ಸುಳ್ಳು ಯಾಕೆ ಹೇಳ್ಲಿ. ‘ಪ್ರೀತಿ ಮತ್ತು ಅಗಲಿಕೆ’ ಅಂತ ಹತ್ತು ಮಾರ್ಕ್ಸಿನ ಪ್ರಶ್ನೆ ಬರುತ್ತೆ, ಮಕ್ಕಳು ‘ಸಾರ್ ಪಾಯಿಂಟ್ಸ್ ಹೇಳಿ’ ಅಂತಾರೆ, ನಾನು ಹೇಳ್ತೀನಿ, ಅವ್ರು ಬರ್ಕೊತಾರೆ, ಯಾರಿಗೂ ಏನೂ ಆಗಲ್ಲ. ಒಂದು ದಿನ ಬೇಜಾರಾಗಿ, ಇದನ್ನ ಕನ್ನಡಕ್ಕೆ ತನ್ನಿ ನೋಡೋಣ, ನಾನೂ ಮಾಡ್ತೀನಿ ಅಂದೆ. ಎಂಟೇ ಸಾಲು ಅಂತ ವರ್ಡ್ಸ್‌ವರ್ತ್ ಪದ್ಯ ಆರಿಸ್ಕೊಂಡೆ, ಬೇಗ ಮುಗಿಯುತ್ತೆ ಅಂತ. ಮೂರು ವಾರ ಹಿಡೀತು!

ಪದ್ಯ ‘ಎ ಸ್ಲಂಬರ್ ಡಿಡ್ ಮೈ ಸ್ಪಿರಿಟ್ ಸೀಲ್’, ಲೂಸಿ ಅನ್ನೋ ಹುಡುಗಿ ಬಗ್ಗೆ ಅವನು ಬರೆದ ಲೂಸಿ ಪದ್ಯಗಳಲ್ಲಿ ಒಂದು. 1798ರ ಚಳಿಗಾಲದಲ್ಲಿ ಜರ್ಮನಿಯ ಗೋಸ್ಲಾರ್ ಅನ್ನೋ ಊರಲ್ಲಿ ತಂಗಿ ಜೊತೆ ಇದ್ದಾಗ ಬರೆದದ್ದು, 1800ರಲ್ಲಿ ಅಚ್ಚಾಯ್ತು. ಮೊದಲ ನಾಲ್ಕು ಸಾಲಲ್ಲಿ ಅವನು ಹೇಳೋದಿಷ್ಟು, ನನ್ನ ಮನಸ್ಸಿಗೆ ನಿದ್ದೆ ಕವಿದಿತ್ತು, ಭಯ ಅನ್ನೋದೇ ಇರ್ಲಿಲ್ಲ, ವಯಸ್ಸು ಸೋಕದ ವಸ್ತುವಿನ ಹಾಗೆ ಕಾಣ್ತಿದ್ದಳು ಅವಳು. ಆಮೇಲೆ ಒಂದು ಖಾಲಿ ಜಾಗ. ಆಮೇಲೆ ಅವಳು ಸತ್ತಿದ್ದಾಳೆ. ಸತ್ತಳು ಅನ್ನೋ ಮಾತು ಪದ್ಯದಲ್ಲಿ ಎಲ್ಲೂ ಇಲ್ಲ, ಅವಳ ಹೆಸರೂ ಇಲ್ಲ, ಕಣ್ಣೀರು ಒಂದು ಹನಿ ಇಲ್ಲ, ಸಾವು ಆ ಎರಡು ಸ್ಟ್ಯಾಂಜಾ ನಡುವಿನ ಬಿಳಿ ಜಾಗದಲ್ಲಿ ಆಗಿಹೋಗುತ್ತೆ. ಇದನ್ನ ನಾನು ಒಂಬತ್ತು ವರ್ಷ ‘ಪ್ರಕೃತಿಯಲ್ಲಿ ಲೀನ’ ಅಂತ ಬರೆಸ್ತಿದ್ದೆ ನೋಡಿ.

ನನ್ನ ತಲೇಲಿ ಇದ್ದದ್ದು ಬಿ.ಎಂ.ಶ್ರೀ. ‘ಕಾರಿಹೆಗ್ಗಡೆಯ ಮಗಳು’ ಸ್ಕೂಲಲ್ಲಿ ಬಾಯಿಪಾಠ ಮಾಡಿದವ್ರು ನಾವು, ಸ್ಕಾಟ್ಲೆಂಡಿನ ಮುಖಂಡ ಪಡುವ ದಿಬ್ಬದ ಗೌಡ ಆಗಿ ಬಂದಿದ್ದ, ಅದರ ಮೂಲ ಇಂಗ್ಲಿಷಲ್ಲಿ ಕ್ಯಾಂಬೆಲ್ ಅನ್ನೋನು ಬರೆದದ್ದು ಅಂತ ಗೊತ್ತಾಗಿದ್ದೇ ಎಷ್ಟೋ ವರ್ಷದ ಮೇಲೆ. ಹಾಗೇ ಗಂಭೀರವಾಗಿ ಮಾಡ್ಬೇಕು ಅಂತ ಎರಡನೇ ಸ್ಟ್ಯಾಂಜಾಗೆ ‘ಕೇಳಳು, ಕಾಣಳು’ ಅಂತ ಹಾಕಿದೆ, ಪುಸ್ತಕದ ಕನ್ನಡ, ನನಗೇ ಖುಷಿಯಾಯ್ತು. ಕ್ಲಾಸಲ್ಲಿ ಹಿಂದಿನ ಬೆಂಚಿನ ಹುಡುಗ, ಯಾವತ್ತೂ ಬಾಯಿ ಬಿಡದೇ ಇರೋನು, ತಾನು ಬರೆದದ್ದನ್ನ ಓದಿದ: ‘ಅಲುಗಲ್ಲ. ಕೇಳಲ್ಲ, ನೋಡಲ್ಲ.’

ನಾನು ಸುಮ್ನಾದೆ. ಯಾಕಂದ್ರೆ ‘ಕೇಳಳು’ ಅಂದ್ರೆ ಅವಳು ಇನ್ನೂ ‘ಅವಳು’, ಆ ‘ಳು’ ಅವಳನ್ನ ಹೆಣ್ಣಾಗಿ, ಮನುಷ್ಯಳಾಗಿ ಹಿಡ್ಕೊಂಡಿರುತ್ತೆ. ‘ಕೇಳಲ್ಲ’ ಅಂದಾಗ ಅದು ಹೋಯ್ತು. ಅವಳು ಕೇಳಲ್ಲ, ಕಲ್ಲು ಕೇಳಲ್ಲ, ಎರಡಕ್ಕೂ ಒಂದೇ ಕ್ರಿಯಾಪದ! ಮೊದಲ ಭಾಗದಲ್ಲಿ ವಸ್ತುವಿನ ‘ಹಾಗೆ’ ಕಾಣ್ತಿದ್ದೋಳು ಎರಡನೇ ಭಾಗದಲ್ಲಿ ನಿಜಕ್ಕೂ ವಸ್ತು ಆಗಿದ್ದಾಳೆ, ಪದ್ಯದ ಏಟು ಇರೋದೇ ಅಲ್ಲಿ, ಇಂಗ್ಲಿಷಲ್ಲಿ ‘ಶೀ’ ಅಂತ ಹೇಳ್ಲೇಬೇಕು, ನಮ್ಮ ಆಡುಮಾತು ಹೇಳದೇನೇ ಆ ಕೆಲಸ ಮುಗಿಸಿಬಿಡ್ತು. ಕೊನೆ ಸಾಲಿಗೆ ನಾನು ಬರೆದಿದ್ದ ‘ಉರುಳುತ್ತಾಳೆ’ನೂ ಅವತ್ತೇ ಹೊಡೆದು ‘ಉರುಳುತ್ತಾ, ಬಂಡೆ ಕಲ್ಲು ಮರಗಳ ಜೊತೆ’ ಅಂತ ಬಿಟ್ಟೆ. ‘ಉರುಳುತ್ತಾ’ಗೆ ಗಂಡೂ ಇಲ್ಲ ಹೆಣ್ಣೂ ಇಲ್ಲ.

ಒಂದು ಪದ ಮಾತ್ರ ತುಂಬಾ ಕಾಡ್ತು, ಡೈಅರ್ನಲ್, ಭೂಮಿ ದಿನಾ ಸುತ್ತೋದಕ್ಕೆ ಕೊನೆ ಸಾಲುಗಳಲ್ಲಿ ಹಾಕಿರೋ ಮಾತು. ಸುತ್ತ ಎಲ್ಲ ಸಣ್ಣ ಸಣ್ಣ ಮಾತು, ನಡುವೆ ಅದೊಂದು ಸೈನ್ಸ್ ಪುಸ್ತಕದಿಂದ ಎದ್ದು ಬಂದ ಹಾಗಿದೆ. ‘ಹಗಲಿರುಳು’ ಹಾಕಿದ್ರೆ ಭಾವಗೀತೆ ಥರ ಆಗುತ್ತೆ. ಸಂಸ್ಕೃತದ ಪದಾನೇ ಬೇಕು ಅಂತ ‘ಅಹೋರಾತ್ರಿ’ ಅಂದೆ, ಒಬ್ಬಳು ‘ಸಾರ್, ಅಹೋರಾತ್ರಿ ಧರಣಿ’ ಅಂದ್ಲು, ಅಲ್ಲಿಗೆ ಮುಗೀತು. ಕೊನೆಗೆ ‘ದೈನಂದಿನ’ ಉಳೀತು, ಆಫೀಸಿನ ವಾಸನೆ ಇದೆ, ಇರ್ಲಿ, ಸುತ್ತೋದು ಭೂಮಿಗೆ ಡ್ಯೂಟಿನೇ ತಾನೇ.

ಇದಾದ್ಮೇಲೆ ವಿಕ್ಟೋರಿಯನ್ ಕವಿ ಟೆನ್ನಿಸನ್. ಇಲ್ಲಿ ಬೆಟ್ಟ ಗುಡ್ಡ ಬಂಡೆ ಏನೂ ಇಲ್ಲ, ಲಂಡನ್ನಿನ ವಿಂಪೋಲ್ ಸ್ಟ್ರೀಟಲ್ಲಿ ತೀರಿಹೋದ ಗೆಳೆಯನ ಮನೆ, ಮುಚ್ಚಿದ ಬಾಗಿಲು, ಸೋನೆ ಮಳೆ, ನಸುಕು. ಗೆಳೆಯ ಆರ್ಥರ್ ಹ್ಯಾಲಮ್ 1833ರಲ್ಲಿ ವಿಯೆನ್ನಾದಲ್ಲಿ ಹಠಾತ್ತಾಗಿ ತೀರ್ಕೊಂಡ, 22 ವರ್ಷ ಅವನಿಗೆ, ಟೆನ್ನಿಸನ್ನನ ತಂಗಿ ಜೊತೆ ಮದುವೆ ನಿಶ್ಚಯ ಆಗಿತ್ತು ಬೇರೆ. ಆ ದುಃಖದ ‘ಇನ್ ಮೆಮೋರಿಯಮ್’ ಅನ್ನೋ ಉದ್ದನೆ ಪದ್ಯ ಅಚ್ಚಾಗಿದ್ದು 1850ರಲ್ಲಿ. 17 ವರ್ಷ! ಹೆಸರು ಹಾಕದೇ ತಂದಿದ್ದಕ್ಕೆ ಒಬ್ಬ ವಿಮರ್ಶಕ ಇದು ಯಾರೋ ಮಿಲಿಟರಿಯವನ ವಿಧವೆ ಬರೆದದ್ದು ಅಂತ ತಿಳ್ಕೊಂಡಿದ್ನಂತೆ, ಅದನ್ನ ಓದಿ ನಗು ಬರುತ್ತೆ ಆದ್ರೆ ಅವನದ್ದು ಪೂರ್ತಿ ತಪ್ಪು ಅಂತ ನನಗೆ ಅನ್ಸಲ್ಲ.

ನಾನು ತಗೊಂಡಿದ್ದು ಏಳನೇ ಭಾಗ, ಹನ್ನೆರಡು ಸಾಲು. ನಿದ್ದೆ ಬರದೇ ನಸುಕಲ್ಲೇ ಆ ಮನೆ ಬಾಗಿಲ ಹತ್ರ ತಪ್ಪಿತಸ್ಥನ ಥರ ಹೋಗಿ ನಿಲ್ತಾನೆ, ವರ್ಡ್ಸ್‌ವರ್ತ್ ಪದ್ಯದಲ್ಲಿ ನಾನು ‘ವಸ್ತು’ ಅಂದ ಅದೇ ‘ಥಿಂಗ್’ ಅನ್ನೋ ಪದ ಇಲ್ಲೂ ಇದೆ, ಈ ಸಲ ವಸ್ತು ಆಗಿರೋದು ಬದುಕಿ ಉಳಿದವನು. ನನಗೆ ಇದು ಗೊತ್ತಿತ್ತು. ಮೈಸೂರಲ್ಲಿ ಓದುವಾಗ ನನ್ನ ರೂಮ್‌ಮೇಟ್ ಬೈಕ್ ಆಕ್ಸಿಡೆಂಟಲ್ಲಿ ಹೋದ, ಆಮೇಲೆ ಎಷ್ಟೋ ತಿಂಗಳು ಅವರ ಮನೆ ರೋಡಲ್ಲಿ ಕೆಲಸ ಇಲ್ದೇನೂ ಹಾದುಹೋಗ್ತಿದ್ದೆ, ಅವರಮ್ಮ ಎಲ್ಲಿ ನೋಡ್ಬಿಡ್ತಾರೋ ಅಂತ ತಲೆ ತಗ್ಗಿಸ್ಕೊಂಡು.

‘ಅವನು ಇಲ್ಲಿಲ್ಲ’ ಅನ್ನೋ ಮಾತಿಗೆ ಮೊದಲು ಬರೆದದ್ದು ‘ಅವನಿಲ್ಲ’. ಅದು ತಪ್ಪು. ಕನ್ನಡದಲ್ಲಿ ‘ಅವನಿಲ್ಲ’ ಅಂದ್ರೆ ಸತ್ತಿದ್ದಾನೆ ಅಂತ ಸೀದಾ ಹೇಳಿದ ಹಾಗೆ, ಟೆನ್ನಿಸನ್ ಹೇಳ್ತಿರೋದು ಇಲ್ಲಿ ಇಲ್ಲ ಅಂತ ಮಾತ್ರ, ಯೇಸುವಿನ ಖಾಲಿ ಸಮಾಧಿ ಹತ್ರ ಬೈಬಲಲ್ಲಿ ಬರೋ ಮಾತಿನ ನೆರಳು ಅದರಲ್ಲಿದೆ, ಆಸೆ ಒಂದೆಳೆ ಉಳಿದಿದೆ. ಒಂದು ‘ಇಲ್ಲಿ’ಗೆ ಅಷ್ಟು ಬೆಲೆ. ಕೊನೆ ಸಾಲು ಮಾತ್ರ ದೇವರೇ ಕೊಟ್ಟ ಹಾಗೆ ಬಂತು, ಇಂಗ್ಲಿಷಲ್ಲಿ ಬ ಬ ಬ ಅಂತ ಬಡಿಯೋ ಸಾಲದು, ನಮ್ಮಲ್ಲೂ ಬೀದಿ ಬೋಳು, ಬೆಳಗು ಬರಿದು: ‘ಬೋಳು ಬೀದಿಯ ಮೇಲೆ ಬರಿದೆ ಬೆಳಗಾಯ್ತು.’ ಹನ್ನೊಂದು ವರ್ಷದಲ್ಲಿ ನನ್ನ ಒಂದೇ ಒಂದು ಒಳ್ಳೆ ಸಾಲು.

ವಿಕ್ಟೋರಿಯನ್ ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿ ಹತ್ರ ಸೋತೆ. ‘ರಿಮೆಂಬರ್’ ಅನ್ನೋ ಹದಿನಾಲ್ಕು ಸಾಲಿನ ಸಾನೆಟ್ ಬರೆದಾಗ ಅವಳಿಗೆ 18, ವರ್ಷ 1849. ಮೊದಲ ಸಾಲು ‘ನಾನು ಹೋದ್ಮೇಲೆ ನನ್ನ ನೆನಪಿಟ್ಕೋ’, ಇದನ್ನ ಓದಿದ ತಕ್ಷಣ ಇಡೀ ಕ್ಲಾಸು ನಕ್ತು, ಯಾಕಂದ್ರೆ ‘ನಾನು ಹೋದ್ಮೇಲೆ ಗೊತ್ತಾಗುತ್ತೆ ನಿಮಗೆಲ್ಲ’ ಅನ್ನೋದು ನಮ್ಮ ಅಮ್ಮಂದಿರ ಬ್ರಹ್ಮಾಸ್ತ್ರ. ರೊಸೆಟ್ಟಿ ಕೊನೆಗೆ ಹೇಳೋದು ಇದಕ್ಕೆ ತೀರಾ ಉಲ್ಟಾ, ನೆನೆದು ಅಳೋದಕ್ಕಿಂತ ಮರೆತು ನಗೋದೇ ಮೇಲು ಅಂತ. ಆ ನಗುವಿಂದ ಸಾನೆಟ್ಟನ್ನ ವಾಪಸ್ ತರೋಕೆ ನನ್ನ ಕೈಲಿ ಆಗ್ಲೇ ಇಲ್ಲ. ಮನೇಲಿ ಅಮ್ಮನಿಗೆ ಓದಿ ಹೇಳಿದ್ರೆ, ‘ಹೋಗ್ತೀನಿ ಅಂತ ಯಾಕೆ ಬರೀತೀಯ, ಹೋಗಿ ಬರ್ತೀನಿ ಅನ್ನು’ ಅಂದ್ರು. ಹೋಗಿ ಬರಕ್ಕಾಗಲ್ಲ ಅನ್ನೋದೇ ಪದ್ಯ ಅಮ್ಮ, ಅಂದೆ.

ಪದ್ಯದ ನಡುವೆ ಅವಳು ಪ್ರಿಯಕರನಿಗೆ ಹೇಳೋ ಒಂದು ಸಾಲಿದೆ, ನಮ್ಮ ಮುಂದಿನ ದಿನದ ಬಗ್ಗೆ ನೀನು ಪ್ಲಾನ್ ಮಾಡಿದ್ದನ್ನ ದಿನಾ ನನಗೆ ಹೇಳ್ತಿದ್ದೆ ಅಂತ. ಆ ಧರಣಿ ಅಂದ ಹುಡುಗಿ ಅಲ್ಲಿ ಪೆನ್ಸಿಲಲ್ಲಿ ಗೆರೆ ಎಳೆದು ತಂದಿದ್ಲು. ‘ಸಾರ್, ಪ್ಲಾನ್ ಮಾಡಿದ್ದು ಅವನು ಒಬ್ಬನೇ ಅಲ್ವಾ? ಅವಳನ್ನ ಕೇಳೇ ಇಲ್ಲ.’ ಪ್ರೇಮಗೀತೆ ಅಂತ ಇಷ್ಟು ವರ್ಷ ಬರೆಸಿದ್ದೀನಿ. ‘ನಮ್ಮ ನಾಳೆ’ ಅಂತಿದ್ದದ್ದನ್ನ ಅಳಿಸಿ ‘ನೀನು ಹಾಕಿದ ನಮ್ಮ ನಾಳೆಯ ಲೆಕ್ಕ’ ಅಂತ ಮಾಡಿದೆ, ಅವಳು ತಲೆ ಆಡಿಸಿ ತನ್ನ ನೋಟ್‌ಬುಕ್ಕಲ್ಲಿ ಬೇರೇನೋ ಬರ್ಕೊಂಡ್ಲು, ನನಗೆ ತೋರಿಸ್ಲಿಲ್ಲ.