ಆರು ಶನಿವಾರ, ಒಂದು ಗೇಮು: ಕುಮಟಾದ ನಮ್ಮ ಕ್ಲಬ್ಬಿನ ಅನುಭವ

2022ರಲ್ಲಿ ಕುಮಟಾದ ನಮ್ಮ ಕಾಲೇಜಿನಲ್ಲಿ ಗೇಮ್ ಮಾಡೋ ಕ್ಲಬ್ ಶುರು ಮಾಡಿದಾಗ 11 ಜನ ಇದ್ದೆವು. ಎಲ್ಲರಿಗೂ ದೊಡ್ಡ ಯುದ್ಧದ ಗೇಮೇ ಬೇಕು. ಒಬ್ಬ 20 ಪುಟ ಕಥೆ ಬರೆದು ತಂದ, ಇನ್ನೊಬ್ಬಳು ರಾಶಿ ಆಯುಧಗಳ ಚಿತ್ರ ಬಿಡಿಸಿದಳು, ಆದರೆ ಸೆಮಿಸ್ಟರ್ ಮುಗಿದರೂ ಪರದೆ ಮೇಲೆ ಓಡಾಡುವ ಒಂದು ಬೊಂಬೆ ಕೂಡ ಇರಲಿಲ್ಲ. ಉಳಿದವರು ಐದೇ ಜನ.

ಆಮೇಲೆ ಒಂದು ನಿಯಮ ಇಟ್ಟುಕೊಂಡೆವು. ಆರು ಶನಿವಾರದಲ್ಲಿ ಗೇಮ್ ಮುಗೀಬೇಕು. ಮೂರನೇ ಶನಿವಾರಕ್ಕೆ ಆಡೋ ಹಾಗಿರಬೇಕು, ಬರೀ ಚೌಕಗಳಿದ್ದರೂ ಪರವಾಗಿಲ್ಲ.

ಗೇಮ್ ಮಾಡೋ ಸಾಫ್ಟ್‌ವೇರ್ ಆಗಿ ಗೊಡೋ (Godot) ಎಂಜಿನ್ ಆರಿಸಿಕೊಂಡೆವು. ಅದು ಉಚಿತ, ಇನ್‌ಸ್ಟಾಲ್ ಮಾಡಬೇಕಿಲ್ಲ, ಪೆನ್‌ಡ್ರೈವಿನಿಂದಲೇ ಓಡುತ್ತದೆ. ಲ್ಯಾಬಿನಲ್ಲಿ ಇನ್‌ಸ್ಟಾಲ್ ಮಾಡೋಕೆ ಅನುಮತಿ ಇಲ್ಲದ ನಮಗೆ ಇದೇ ದೊಡ್ಡ ಉಪಕಾರ. ಹಳೇ ಮೂರನೇ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಕೂಡುತ್ತಿರಲಿಲ್ಲ, ‘ಬುಟ್ಟಿ’ ಅಂತ ಬರೆದರೆ ‘ಬುಟ್‌ಟಿ’ ಅಂತ ಕಾಣುತ್ತಿತ್ತು. 2023ರ ಮಾರ್ಚಿನಲ್ಲಿ ನಾಲ್ಕನೇ ಆವೃತ್ತಿ ಬಂದ ಮೇಲೆ ಸರಿಹೋಯಿತು. ಕನ್ನಡ ಫಾಂಟನ್ನು ಪ್ರಾಜೆಕ್ಟ್ ಒಳಗೇ ಹಾಕಿಕೊಳ್ಳಿ, ಹಳೇ ಕಂಪ್ಯೂಟರ್ ಆದರೆ ಪರದೆ ಮೇಲೆ ಚಿತ್ರ ಮೂಡಿಸೋ ರೆಂಡರರ್‌ಗಳಲ್ಲಿ ‘ಕಂಪ್ಯಾಟಿಬಿಲಿಟಿ’ ಆರಿಸಿ.

ಇನ್ನೊಂದು ಪಾಠಕ್ಕೆ ಒಂದು ಇಡೀ ಶನಿವಾರ ಹೋಯಿತು. ಇಬ್ಬರು ಒಂದೇ ಸೀನ್ (ಗೇಮಿನ ಒಂದು ಭಾಗ ಇರೋ ಫೈಲು) ತೆರೆದು ಕೆಲಸ ಮಾಡಿದರು, ಎಲ್ಲರ ಕೆಲಸ ಒಟ್ಟುಗೂಡಿಸೋ ಗಿಟ್‌ನಲ್ಲಿ ಸೇರಿಸುವಾಗ ಒಬ್ಬರ ಕೆಲಸ ಹಾಳಾಯಿತು. ಅವತ್ತಿನಿಂದ ಒಬ್ಬರಿಗೆ ಒಂದು ಸೀನ್. ಮುಖ್ಯ ಸೀನನ್ನು ಒಬ್ಬರೇ ಮುಟ್ಟಬೇಕು.

ಇನ್ನು ಗೇಮಿನ ವಿಷಯ. ನಮ್ಮಲ್ಲೊಬ್ಬನ ಅಮ್ಮ ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಆರಿಸೋಕೆ ಹೋಗುತ್ತಾರೆ. ಅದನ್ನೇ ತೆಗೆದುಕೊಂಡೆವು: ನೀರು ಇಳಿದಾಗ ಹೋಗು, ಬುಟ್ಟಿ ತುಂಬಿಸು, ಭರತ (ನೀರಿನ ಏರಿಕೆ) ಬರೋದ್ರೊಳಗೆ ದಡ ಸೇರು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದಲ್ವಾ, ಲೆವೆಲ್‌ಗಳು ಅದರಿಂದಲೇ ಸಿಕ್ಕವು. ದಿನ ದಾಟಿದಂತೆ ಇಳಿತ ಸಂಜೆ ಕಡೆ ಜಾರುತ್ತದೆ, ಬೆಳಕು ಕಡಿಮೆಯಾಗುತ್ತದೆ.

ನಾಲ್ಕನೇ ಶನಿವಾರ ಆ ಅಮ್ಮನನ್ನೇ ಕರೆದು ಕೂರಿಸಿದೆವು. ಮಗ ಅವರ ಬೆರಳನ್ನು ಬಾಣದ ಕೀಗಳ ಮೇಲೆ ಇಟ್ಟ. ನಾವು ನೀರನ್ನು ಪರದೆ ಎಳೆದ ಹಾಗೆ ಸಮುದ್ರದ ಕಡೆಯಿಂದ ಸಮನಾಗಿ ತರುತ್ತಿದ್ದೆವು. ಒಂದು ಸಲ ಆಡಿದರು, ನಿಲ್ಲಿಸಿದರು. “ನೀರು ಹಿಂಗೆ ಬರೂದಿಲ್ಲ ತಮಾ. ಮೊದ್ಲು ಬೆನ್ನ ಹಿಂದೆ ಬತ್ತದೆ” ಅಂದರು. ಮೇಜಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. ನೀರು ಮೊದಲು ತಗ್ಗಿನ ಕಾಲುವೆಗಳಲ್ಲಿ ನುಗ್ಗುತ್ತದಂತೆ, ದಿಬ್ಬದ ಮೇಲೆ ನಿಂತವರಿಗೆ ಗೊತ್ತಾಗೋದ್ರೊಳಗೆ ದಾರಿ ಮುಚ್ಚಿರುತ್ತದಂತೆ.

ಅವತ್ತು ರಾತ್ರಿ ನೀರಿನ ಕೋಡ್ ಪೂರ್ತಿ ಅಳಿಸಿದೆವು. ಪ್ರತಿ ಚೌಕಕ್ಕೂ ಒಂದು ಎತ್ತರದ ಅಂಕಿ ಕೊಟ್ಟು, ನೀರಿನ ಮಟ್ಟ ಏರಿದಂತೆ ತಗ್ಗಿನ ಚೌಕ ಮೊದಲು ತುಂಬುವಂತೆ ಮಾಡಿದೆವು. ಅಷ್ಟೇ ಬದಲಾವಣೆ. ಮರುವಾರ ಆಡಿದವರೆಲ್ಲ ಅಗೆಯುತ್ತಾ ಮಧ್ಯೆ ಮಧ್ಯೆ ಹಿಂದೆ ತಿರುಗಿ ನೋಡತೊಡಗಿದರು. ಎಷ್ಟು ಖುಷಿಯಾಯಿತು ಅಂದರೆ!

ಆರನೇ ಶನಿವಾರ ಅಮ್ಮ ಮತ್ತೆ ಬಂದರು. ಬುಟ್ಟಿ ಅರ್ಧ ತುಂಬುವಷ್ಟರಲ್ಲಿ ದಡದ ಕಡೆ ಹೊರಟರು. ಇನ್ನೂ ಟೈಮ್ ಇದೆ ಅಂದೆ.

“ಕಾಲುವೆ ತುಂಬ್ತಾ ಬಂತು, ನೋಡು” ಅಂದರು, ಪರದೆಯಿಂದ ಕಣ್ಣು ತೆಗೆಯದೆ.